ಪುಟ್‌ಗೂ ಯು, ಬಟ್‌ಗೂ ಯು: ಇಂಗ್ಲಿಷ್ ಸ್ಪೆಲ್ಲಿಂಗ್ ಯಾಕೆ ಹೀಗೆ?

ಪ್ರಶ್ನೆ: ನನ್ನ ಮಗಳು ಆರನೇ ತರಗತಿ. ಪಿ-ಯು-ಟಿ ಪುಟ್ ಆದರೆ ಬಿ-ಯು-ಟಿ ಯಾಕೆ ಬುಟ್ ಅಲ್ಲ? ಗೋ, ಡೂ ಎರಡಕ್ಕೂ ಒಂದೇ ಓ ಯಾಕೆ? ನೈಫ್‌ಗೆ ಕೆ ಯಾಕೆ, ಡೆಟ್‌ಗೆ ಬಿ ಯಾಕೆ? ಹೀಗೆ ದಿನಾ ಒಂದೊಂದು ಕೇಳುತ್ತಾಳೆ. "ಇಂಗ್ಲಿಷ್ ಇರೋದೇ ಹಾಗೆ, ಬಾಯಿಪಾಠ ಮಾಡು" ಅಂತ ಹೇಳಿ ಹೇಳಿ ನನಗೇ ಬೇಜಾರಾಗಿದೆ. ನಿಜಕ್ಕೂ ನಿಯಮ ಅಂತ ಏನಾದರೂ ಇದೆಯಾ? ಅವಳಿಗೆ ಹೇಗೆ ಕಲಿಸಬೇಕು? ಇನ್ನೊಂದು, ಕಲರ್ ಪದಕ್ಕೆ ಯು ಹಾಕಬೇಕಾ, ಬೇಡವಾ?

ಉತ್ತರ: ನಿಮ್ಮ ಮಗಳು ಕೇಳುತ್ತಿರುವ ಒಂದೊಂದು ಪ್ರಶ್ನೆಗೂ ಉತ್ತರ ಇದೆ. ಆದರೆ ಇವತ್ತಿನ ಉಚ್ಚಾರಣೆಯಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಕನ್ನಡ ಓದಿ ಬೆಳೆದ ನಮಗೆ ಬರಹ ಅಂದರೆ ಬಾಯಲ್ಲಿ ಬಂದದ್ದನ್ನು ಕಾಗದಕ್ಕೆ ಇಳಿಸುವುದು. ಇಂಗ್ಲಿಷ್ ಬರಹವೂ ಶುರುವಿನಲ್ಲಿ ಹೆಚ್ಚುಕಡಿಮೆ ಹಾಗೇ ಇತ್ತು. ಸುಮಾರು ಐನೂರು ವರ್ಷದ ಹಿಂದೆ ಬಾಯಿ ಒಂದು ಕಡೆ ಹೋಯಿತು, ಬರಹ ಇದ್ದಲ್ಲೇ ನಿಂತಿತು. ಹಾಗಾಗಿ ಈಗ ಸ್ಪೆಲ್ಲಿಂಗ್ ಅನ್ನುವುದು ಸದ್ದಿನ ಜೊತೆಗೆ ಪದದ ಊರು ಯಾವುದು, ನೆಂಟರು ಯಾರು ಅನ್ನುವುದನ್ನೂ ಹೇಳುತ್ತದೆ. "ಇದನ್ನು ಹೇಗೆ ಉಚ್ಚರಿಸಬೇಕು" ಅನ್ನುವ ಒಂದೇ ಪ್ರಶ್ನೆ ಹಿಡಿದು ಹೊರಟರೆ ಎಲ್ಲವೂ ಹುಚ್ಚಾಟದ ಹಾಗೆ ಕಾಣುತ್ತದೆ. "ಇದು ಎಲ್ಲಿಂದ ಬಂತು, ಇದರ ಬಳಗದಲ್ಲಿ ಯಾರಿದ್ದಾರೆ" ಅಂತಲೂ ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಗೋಜಲು ಬಿಡಿಸಿಕೊಳ್ಳುತ್ತದೆ.

ಮೊದಲು ಪುಟ್ ಮತ್ತು ಬಟ್. 1600ರ ಹೊತ್ತಿಗೂ ಇಂಗ್ಲೆಂಡಿನಲ್ಲಿ ಬಟ್ ಅನ್ನು ಬುಟ್ ಅಂತಲೇ ಅನ್ನುತ್ತಿದ್ದರು. ಕಟ್ ಆಗ ಕುಟ್, ಕಪ್ ಆಗ ಕುಪ್. ಅಂದರೆ ನಿಮ್ಮ ಮಗಳು ಬಯಸುವ ಹಾಗೇ ಇತ್ತು! 17ನೇ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನ ಜನರ ಬಾಯಲ್ಲಿ ಈ ಹ್ರಸ್ವ 'ಉ' ಸಡಿಲವಾಗಿ, ನಮ್ಮ 'ಅ' ಹತ್ತಿರಕ್ಕೆ ಬಂತು. ಆದರೆ ಎಲ್ಲ ಪದಗಳಲ್ಲೂ ಅಲ್ಲ. ಪ, ಬ, ಫ, ವ ಇವೆಲ್ಲ ತುಟಿಯಲ್ಲಿ ಹುಟ್ಟುವ ಸದ್ದುಗಳು. ಅವುಗಳ ಪಕ್ಕದಲ್ಲಿ ತುಟಿ ದುಂಡಗೇ ಉಳಿಯಲು ನೋಡುತ್ತದೆ. ಅದರ ಮುಂದೆ ಎಲ್ ಅಥವಾ ಎಸ್-ಎಚ್ ಇದ್ದರಂತೂ ಹಳೆಯ ಉ ಇನ್ನೂ ಗಟ್ಟಿಯಾಗಿ ಕೂತಿತು. ಪುಲ್, ಫುಲ್, ಬುಲ್, ಪುಷ್, ಬುಷ್ ಇವನ್ನು ಒಟ್ಟಿಗೆ ಹೇಳಿ ನೋಡಿ, ಗೊತ್ತಾಗುತ್ತದೆ. ಪುಟ್ ಕೂಡ ಈ ಗುಂಪಿನ ಜೊತೆ ಹಿಂದೆ ಉಳಿಯಿತು. ಬಟ್ ಮುಂದೆ ಹೋಯಿತು. ಬದಲಾವಣೆ ಪದದಿಂದ ಪದಕ್ಕೆ ಹರಡುವಾಗ ಹೀಗೆ ಕೆಲವು ಆಚೆ, ಕೆಲವು ಈಚೆ ಉಳಿಯುವುದು ಎಲ್ಲ ಭಾಷೆಯಲ್ಲೂ ಇದ್ದದ್ದೇ. ತಮಾಷೆ ಏನೆಂದರೆ, ಗಾಲ್ಫ್ ಆಟದಲ್ಲಿ ಚೆಂಡನ್ನು ಮೆಲ್ಲಗೆ ಗುಳಿಯ ಕಡೆ ತಳ್ಳುವುದಕ್ಕೆ ಪಟ್ ಅನ್ನುತ್ತಾರಲ್ಲ, ಅದು ಇದೇ ಪುಟ್. ಟಿ ಎರಡಾಯಿತು, ಉಚ್ಚಾರ ಬದಲಾಯಿತು, ಅಷ್ಟೆ. ಉತ್ತರ ಇಂಗ್ಲೆಂಡಿನ ಎಷ್ಟೋ ಕಡೆ ಇವತ್ತಿಗೂ ಕಟ್ ಮತ್ತು ಪುಟ್ ಪ್ರಾಸವಾಗಿ ಕೂಡುತ್ತವೆ.

ಗೋ ಮತ್ತು ಡೂ ಕಥೆ ಇದಕ್ಕಿಂತ ಹಳೆಯದು. ಸಾವಿರ ವರ್ಷದ ಹಿಂದೆ ಇವೆರಡರ ಸ್ವರವೇ ಬೇರೆ ಇತ್ತು. ಗೋ ಆಗ 'ಗಾನ್', ಡೂ ಆಗ 'ಡೋನ್'. ಇಂಗ್ಲೆಂಡಿನ ಬಹುಪಾಲು ಕಡೆ ಹಳೆಯ ದೀರ್ಘ 'ಆ' ಕ್ರಮೇಣ 'ಓ' ಕಡೆಗೆ ಜರುಗಿತು. ಹಾಗಾಗಿ ಗಾ ಹೋಗಿ ಗೋ ಆಯಿತು. ನೋ, ಸೋ ಇವೂ ಹಾಗೇ, ಮೊದಲು ಅವುಗಳಲ್ಲಿ ಇದ್ದದ್ದು 'ಆ'. ಡೋ ಮತ್ತು ಟೋ ಮೊದಲಿಂದ 'ಓ' ಆಗಿದ್ದವು, ಆಮೇಲೆ ಅವು 'ಊ' ಕಡೆಗೆ ಸರಿದು ಡೂ, ಟೂ ಆದವು. ಬರೆಯುವವರು ಓ ಅಕ್ಷರ ಹಾಕಿದಾಗ ಎರಡೂ ಗುಂಪಿನಲ್ಲಿ ಓ ಥರದ ಸದ್ದೇ ಇತ್ತು. ಆಮೇಲೆ ಸದ್ದುಗಳು ದೂರವಾದವು, ಅಕ್ಷರ ಮಾತ್ರ ಒಂದೇ ಉಳಿಯಿತು.

ಈ 'ಓ'ದಿಂದ 'ಊ'ಗೆ ಹೋಗಿದ್ದು ಒಂಟಿ ಘಟನೆ ಅಲ್ಲ. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸಾಲಾಗಿ ಜಾಗ ಬದಲಿಸಿದವು. ಭಾಷಾ ವಿಜ್ಞಾನಿಗಳು ಇದನ್ನು ಮಹಾ ಸ್ವರಪಲ್ಲಟ ಅನ್ನುತ್ತಾರೆ. ಅದಕ್ಕೆ ಮುಂಚೆ ಟೈಮ್ ಅನ್ನುವ ಪದವನ್ನು 'ಟೀಮ' ಅಂತ ಅನ್ನುತ್ತಿದ್ದರು, ನೇಮ್ ಅನ್ನುವುದನ್ನು 'ನಾಮ' ಅಂತ. ಮೂನ್‌ನಲ್ಲಿ ಎರಡು ಓ ಯಾಕಿದೆ ಅಂದರೆ, ಅದು ಆಗ 'ಮೋನ್' ಆಗಿತ್ತು. ಫೀಟ್‌ನಲ್ಲಿ ಎರಡು ಇ ಯಾಕಿದೆ ಅಂದರೆ, ಅದು 'ಫೇಟ್' ಆಗಿತ್ತು. ಈ ಲೆಕ್ಕದಲ್ಲಿ ಓದಿದರೆ ಇಂಗ್ಲಿಷ್ ಸ್ಪೆಲ್ಲಿಂಗ್ ಎಷ್ಟು ಸರಳವಾಗಿತ್ತು ಅಲ್ವಾ? ಎ, ಇ, ಐ, ಓ, ಯು ಅಕ್ಷರಗಳಿಗೆ ಆ, ಏ, ಈ, ಓ, ಊ ಅಂತ ಹೇಳಿಬಿಟ್ಟರೆ ಸಾಕಿತ್ತು.

ಹಾಗಾದರೆ ಉಚ್ಚಾರ ಬದಲಾದಾಗ ಬರಹ ಯಾಕೆ ಬದಲಾಗಲಿಲ್ಲ? ಕನ್ನಡದಲ್ಲೂ ಉಚ್ಚಾರ ಬದಲಾಗಿದೆ. ಹಳಗನ್ನಡದ 'ಪಾಲ್' ಈಗ 'ಹಾಲು'. ಆದರೆ ನಾವು ಬರಹವನ್ನೂ ಬದಲಾಯಿಸಿಕೊಂಡೆವು, ಪ ಬರೆದು ಹ ಓದುವ ಪಾಡು ನಮಗಿಲ್ಲ. ಹಳೆಯ ಱ, ೞ ಅಕ್ಷರಗಳನ್ನೂ ಸದ್ದು ಹೋದ ಮೇಲೆ ಬಿಟ್ಟುಬಿಟ್ಟೆವು. ಇಂಗ್ಲಿಷಿಗೆ ಆ ಅವಕಾಶ ತಪ್ಪಿದ್ದು ಹೊತ್ತು ಕೂಡಿಬರದ ಕಾರಣಕ್ಕೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ತೆರೆದ. ಸ್ವರಗಳು ಆಗಿನ್ನೂ ಅರ್ಧ ದಾರಿಯಲ್ಲಿದ್ದವು. ಅಚ್ಚಾದ ಪುಸ್ತಕ ಹರಡುತ್ತಾ ಹೋದ ಹಾಗೆ ಕಣ್ಣಿಗೆ ಒಂದು ರೂಪ ಅಭ್ಯಾಸವಾಯಿತು. 1650ರ ಸುಮಾರಿಗೆ ಅಚ್ಚಿನ ಸ್ಪೆಲ್ಲಿಂಗ್ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್‌ನ ನಿಘಂಟು ಬಂದ ಮೇಲೆ ಅದೇ ಸರಿ, ಉಳಿದದ್ದು ತಪ್ಪು ಅನ್ನುವ ಭಾವನೆಯೂ ಬಂತು. ಗೊಂದಲದ ನಡುವೆ ತೆಗೆದ ಒಂದು ಫೋಟೋವನ್ನೇ ನಾವು ಇವತ್ತಿಗೂ ಗೋಡೆಗೆ ಹಾಕಿಕೊಂಡಿದ್ದೇವೆ.

ನೈಫ್‌ನ ಕೆ ಈಗ ಸುಲಭ. ಅದು ನಿಜವಾಗಿ ಉಚ್ಚಾರದಲ್ಲಿತ್ತು. 'ಕ್ನೀಫ್', 'ಕ್ನೀ', 'ಕ್ನೋ' ಅಂತ ಒಂದು ಕಾಲದಲ್ಲಿ ಬಾಯಿ ತುಂಬ ಹೇಳುತ್ತಿದ್ದರು. ಇಂಗ್ಲಿಷಿನ ದಾಯಾದಿ ಜರ್ಮನ್ ಭಾಷೆಯಲ್ಲಿ ಮೊಣಕಾಲಿಗೆ ಈಗಲೂ 'ಕ್ನೀ' ಅಂತಲೇ ಅನ್ನುತ್ತಾರೆ. ಇಂಗ್ಲಿಷಿನಲ್ಲಿ 17ನೇ ಶತಮಾನದಲ್ಲಿ ಆ ಕ ಬಿದ್ದುಹೋಯಿತು. ಬರೆಯುವುದು ಅನ್ನುವ ಅರ್ಥದ ರೈಟ್, ತಪ್ಪು ಅನ್ನುವ ರಾಂಗ್ ಪದಗಳ ಡಬ್ಲ್ಯು ಕೂಡ ಹೀಗೇ ಸತ್ತ ಸದ್ದು.

ಜಿ-ಎಚ್ ಮಾತ್ರ ಸ್ವಲ್ಪ ರಗಳೆ. ನೈಟ್, ಡಾಟರ್, ಲಾಫ್ ಪದಗಳಲ್ಲಿ ಹಿಂದೆ ಗಂಟಲಿನಿಂದ ಬರುವ ಒಂದು ಒರಟು 'ಖ್' ಥರದ ಸದ್ದಿತ್ತು. ಜರ್ಮನ್ನಿನಲ್ಲಿ ರಾತ್ರಿಗೆ ನಾಖ್ಟ್, ಮಗಳಿಗೆ ಟೋಖ್ಟರ್. ಹಳೆಯ ಇಂಗ್ಲಿಷಿನಲ್ಲಿ ಇದನ್ನು ಬರೀ ಎಚ್‌ನಿಂದ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಬರಹಗಾರರು ಬಂದರು. ಕಾಲಕ್ರಮದಲ್ಲಿ ಇದಕ್ಕೆ ಜಿ-ಎಚ್ ಬಂದು ಕೂತಿತು. ಕ್ವೀನ್ ಪದಕ್ಕೆ ಕ್ಯು-ಯು ಬಂದದ್ದೂ ಅವರಿಂದಲೇ, ಮುಂಚೆ ಅದು ಸಿ-ಡಬ್ಲ್ಯು ಆಗಿತ್ತು. ಮುಂದೆ ಆ ಒರಟು ಸದ್ದು ಕೆಲವು ಊರಿನಲ್ಲಿ ಪೂರ್ತಿ ಮಾಯವಾಯಿತು, ಕೆಲವು ಊರಿನಲ್ಲಿ 'ಫ್' ಆಯಿತು. ಲಂಡನ್ನಿಗೆ ಎಲ್ಲ ಕಡೆಯ ಜನ ಬಂದು ಸೇರಿದರು. ಒಂದು ಪದ ಈ ಊರಿನ ಉಚ್ಚಾರದಲ್ಲಿ ನಿಂತಿತು, ಇನ್ನೊಂದು ಆ ಊರಿನ ಉಚ್ಚಾರದಲ್ಲಿ. ಅದಕ್ಕೇ ಓ-ಯು-ಜಿ-ಎಚ್ ಇರುವ ದೋ, ಥ್ರೂ, ಟಫ್, ಕಾಫ್, ಥಾಟ್, ಬೌ ಇವು ಆರೂ ಆರು ಥರ. ನಾದಿದ ಹಿಟ್ಟಿಗೆ ಡೋ ಅನ್ನುತ್ತಾರೆ. ಅದರ ಇನ್ನೊಂದು ಊರಿನ ರೂಪ ಡಫ್, ಅದು ಡಿ-ಯು-ಎಫ್-ಎಫ್ ಅಂತ ಬೇರೆ ಪದವಾಗಿಯೇ ನಿಘಂಟಿನಲ್ಲಿದೆ. ಈ ಆರು ಪದಗಳನ್ನು ಮಾತ್ರ ಮಗಳು ಬಾಯಿಪಾಠ ಮಾಡಲಿ, ಬೇರೆ ದಾರಿ ಇಲ್ಲ.

ಘೋಸ್ಟ್ ಪದದ ಎಚ್‌ಗೆ ಯಾವ ಸದ್ದಿನ ಇತಿಹಾಸವೂ ಇಲ್ಲ. ಕ್ಯಾಕ್ಸ್‌ಟನ್ ಎಷ್ಟೋ ವರ್ಷ ಈಗಿನ ಬೆಲ್ಜಿಯಂ ಕಡೆ ಇದ್ದವನು. ಅಲ್ಲಿನ ಫ್ಲೆಮಿಷ್ ಭಾಷೆಯಲ್ಲಿ ಈ ಪದಕ್ಕೆ ಜಿ-ಎಚ್ ಇತ್ತು. ಅಲ್ಲಿ ಪಳಗಿದ ಕೈಗಳು ಇಂಗ್ಲಿಷಿನ ಅಚ್ಚುಮೊಳೆ ಜೋಡಿಸುವಾಗ ಅದೇ ಅಭ್ಯಾಸ ಮುಂದುವರಿಸಿದವು. ಎಚ್ ಹಾಗೇ ಉಳಿಯಿತು.

ಲವ್, ಕಮ್, ಸನ್, ಮಂಕ್ ಪದಗಳಲ್ಲಿ ಓ ಯಾಕೆ ಅಂತ ಮಗಳು ಇನ್ನೂ ಕೇಳಿಲ್ಲ ಅಂದರೆ ಇಷ್ಟರಲ್ಲೇ ಕೇಳುತ್ತಾಳೆ. ಇವೆಲ್ಲ ಮೊದಲು ಯು ಇದ್ದ ಪದಗಳು. ಅಂದಿನ ಕೈಬರಹದಲ್ಲಿ ಐ, ಎನ್, ಎಂ, ಯು, ವಿ ಅಕ್ಷರಗಳೆಲ್ಲ ಒಂದೇ ಥರದ ಸಣ್ಣ ನಿಲುವು ಗೆರೆಗಳು. ಐ ಒಂದು ಗೆರೆ, ಎನ್ ಎರಡು, ಎಂ ಮೂರು, ಯು ಮತ್ತೆ ಎರಡು. ಯು ಮತ್ತು ವಿ ಆಗ ಬೇರೆ ಬೇರೆ ಅಕ್ಷರಗಳೂ ಅಲ್ಲ. ಯು ಪಕ್ಕದಲ್ಲಿ ಎಂ ಅಥವಾ ಎನ್ ಬಂದರೆ ಬೇಲಿ ನೋಡಿದ ಹಾಗೆ ಬರೀ ಗೆರೆಗಳು ಕಾಣುತ್ತಿದ್ದವು. ಓದುವವರ ಕಣ್ಣಿಗೆ ಸುಲಭವಾಗಲಿ ಅಂತ ಯು ಜಾಗದಲ್ಲಿ ದುಂಡಗಿನ ಓ ಹಾಕಿದರು ಅನ್ನುವುದು ಭಾಷಾ ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ವಿವರಣೆ. ವಂಡರ್, ಟಂಗ್, ಹನಿ ಇವೂ ಇದೇ ಗುಂಪು. ಸೂರ್ಯನ ಸನ್ ಯು ಉಳಿಸಿಕೊಂಡಿತು, ಮಗನ ಸನ್ ಓ ಪಡೆಯಿತು. ಈಗ ಅದೇ ವ್ಯತ್ಯಾಸ ನಮಗೆ ಅನುಕೂಲ.

ಇಷ್ಟು ಹೊತ್ತು ಹೇಳಿದ್ದು ಸಹಜವಾಗಿ ಆದದ್ದು. ಡೆಟ್‌ನ ಬಿ ಬೇಕಂತಲೇ ಮಾಡಿದ್ದು. ಈ ಪದ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಇಂಗ್ಲಿಷರ ಬಾಯಲ್ಲಿ ಆ ಬಿ ಯಾವತ್ತೂ ಬಂದಿಲ್ಲ. 15, 16ನೇ ಶತಮಾನದಲ್ಲಿ ಲ್ಯಾಟಿನ್ ಮೋಹ ಜೋರಾಯಿತು. ಮೂಲ ಲ್ಯಾಟಿನ್ ಪದ 'ಡೆಬಿಟುಂ', ಅದರಲ್ಲಿ ಬ ಇದೆ, ಆದ್ದರಿಂದ ನಾವೂ ಬರೆಯೋಣ ಅಂತ ಓದಿದವರು ಬಿ ತುರುಕಿದರು. ಡೌಟ್‌ಗೂ ಅದೇ ಗತಿ. ರಿಸೀಟ್‌ಗೆ ಪಿ ಸಿಕ್ಕಿತು. ಅದೇ ಮೂಲದಿಂದ ಬಂದ ಡಿಸೀಟ್, ಕನ್ಸೀಟ್ ಪದಗಳಿಗೆ ಸಿಗಲಿಲ್ಲ. ತುರುಕುವುದರಲ್ಲೂ ಒಂದು ಶಿಸ್ತು ಬೇಡವೇ! ಬಿ ಉಚ್ಚರಿಸದವರ ಮೇಲೆ ಸಿಡಿಮಿಡಿಗೊಳ್ಳುವ ಒಬ್ಬ ಮೇಷ್ಟ್ರನ್ನು ಶೇಕ್ಸ್‌ಪಿಯರ್ 1590ರ ದಶಕದ ಹಾಸ್ಯ ನಾಟಕವೊಂದರಲ್ಲಿ ಚೆನ್ನಾಗಿ ಗೇಲಿ ಮಾಡಿದ್ದಾನೆ.

ಕೆಲವು ಸಲ ಈ ಪಾಂಡಿತ್ಯವೇ ದಾರಿ ತಪ್ಪಿತು. ಐಲ್ಯಾಂಡ್ ಅಪ್ಪಟ ಇಂಗ್ಲಿಷ್ ಪದ, ಅದಕ್ಕೂ ಲ್ಯಾಟಿನ್ನಿಗೂ ಸಂಬಂಧ ಇಲ್ಲ. ಅದೇ ಅರ್ಥದ ಐಲ್ ಅನ್ನುವ ಫ್ರೆಂಚ್ ಪದಕ್ಕೆ ಲ್ಯಾಟಿನ್ನಿನ 'ಇನ್ಸುಲ' ನೋಡಿ ಎಸ್ ಹಾಕಿದ್ದರು. ಐಲ್ಯಾಂಡ್ ಕೂಡ ಅದರ ನೆಂಟ ಇರಬೇಕು ಅಂತ ಅದಕ್ಕೂ ಎಸ್ ಬಂತು. ಸಿಜರ್ಸ್ ಪದದ ಸಿ ಹೀಗೇ ತಪ್ಪು ಮೂಲ ನಂಬಿ ಸೇರಿಸಿದ್ದು. ಕುಡ್ ಪದದ ಎಲ್ ಅಂತೂ ಬರೀ ಸಹವಾಸ ದೋಷ. ವುಡ್, ಶುಡ್ ಪದಗಳಲ್ಲಿ ಎಲ್ ಇರಲು ಕಾರಣ ಇದೆ, ಅವು ವಿಲ್, ಶಲ್ ಪದಗಳ ಮಕ್ಕಳು. ಕುಡ್ ಹುಟ್ಟಿದ್ದು ಕ್ಯಾನ್‌ನಿಂದ. ಅಲ್ಲಿ ಎಲ್ ಎಲ್ಲಿಂದ ಬರಬೇಕು? ಇನ್ನು ಫಾಲ್ಟ್ ಪದಕ್ಕೂ ಹೀಗೇ ಎಲ್ ಸೇರಿಸಿದ್ದರು. ಜನ ಅದನ್ನು ನೋಡಿ ನೋಡಿ ಕೊನೆಗೆ ಉಚ್ಚರಿಸಲು ಶುರು ಮಾಡಿದರು.

ಇಷ್ಟೆಲ್ಲ ಕೇಳಿ "ಹಾಗಾದರೆ ಎಲ್ಲ ಬರೀ ಅವಘಡ" ಅಂತ ಅನ್ನಿಸಬಹುದು. ನನ್ನ ಅಭಿಪ್ರಾಯ ಅದಲ್ಲ. ಬಾಯಿ ಮತ್ತು ಬರಹ ದೂರವಾದ ಮೇಲೆ ಇಂಗ್ಲಿಷ್ ಸ್ಪೆಲ್ಲಿಂಗ್‌ಗೆ ಬೇರೊಂದು ಶಕ್ತಿ ಬಂತು. ಒಂದೇ ಬಳಗದ ಪದಗಳನ್ನು ಕಣ್ಣಿಗೆ ಒಂದೇ ಥರ ಕಾಣಿಸುವ ಶಕ್ತಿ ಅದು. ಸೈನ್ ಪದದ ಜಿ ಅಲ್ಲಿ ಸುಮ್ನೆ ಕೂತಿದೆ ಅನ್ನಿಸುತ್ತದೆ. ಸಿಗ್ನೇಚರ್, ಸಿಗ್ನಲ್ ಅಂತ ಹೇಳಿ ನೋಡಿ, ಜಿ ಎದ್ದು ಮಾತಾಡುತ್ತದೆ. ಬಾಂಬ್‌ನ ಕೊನೆಯ ಬಿ ಬಂಬಾರ್ಡ್‌ನಲ್ಲಿ ಕೇಳುತ್ತದೆ. ಮಸಲ್‌ನ ಸಿ ಮಸ್ಕ್ಯುಲರ್‌ನಲ್ಲಿ, ಆಟಮ್‌ನ ಎನ್ ಆಟಮ್ನಲ್‌ನಲ್ಲಿ ಕೇಳುತ್ತದೆ. ಎರಡು ಅನ್ನುವ ಟೂ ಪದದ ಡಬ್ಲ್ಯು ಯಾಕೆ ಅಂತ ಕೇಳಿದರೆ ಟ್ವಿನ್, ಟ್ವೈಸ್, ಟ್ವೆಲ್ವ್, ಟ್ವೆಂಟಿ, ಬಿಟ್ವೀನ್ ಎಲ್ಲರೂ ಬಂದು ಸಾಕ್ಷಿ ಹೇಳುತ್ತಾರೆ. ಪಂಡಿತರು ತುರುಕಿದ ಬಿ ಕೂಡ ಈಗ ಉಪಯೋಗಕ್ಕೆ ಬರುತ್ತದೆ: ಡೆಟ್ ಮತ್ತು ಡೆಬಿಟ್. ರಿಸೀಟ್‌ನ ಪಿ ರಿಸೆಪ್ಷನ್‌ನಲ್ಲಿದೆ.

ಭೂತಕಾಲದ ಇ-ಡಿ ನೋಡಿ. ವಾಕ್ಟ್, ಪ್ಲೇಡ್, ವಾಂಟೆಡ್ ಅಂತ ಮೂರು ಥರ ಉಚ್ಚಾರ. ಸದ್ದಿನ ಪ್ರಕಾರ ಬರೆದಿದ್ದರೆ ಮಕ್ಕಳು ಮೂರು ಪ್ರತ್ಯಯ ಕಲಿಯಬೇಕಿತ್ತು. ಈಗ ಒಂದೇ ಸಾಕು. ಎಲೆಕ್ಟ್ರಿಕ್, ಎಲೆಕ್ಟ್ರಿಸಿಟಿ, ಎಲೆಕ್ಟ್ರಿಷಿಯನ್ ಇವುಗಳಲ್ಲಿ ಸಿ ಒಂದೇ, ಸದ್ದು ಮಾತ್ರ ಕ, ಸ, ಶ ಅಂತ ಬದಲಾಗುತ್ತದೆ. ಇಲ್ಲಿ ಒಂದು ಒಳ್ಳೆಯ ಉಪಾಯ ಸಿಗುತ್ತದೆ. ಕೊನೆಯಲ್ಲಿ 'ಷನ್' ಅಂತ ಕೇಳಿದಾಗ ಮಕ್ಕಳು ಟಿ-ಐ-ಓ-ಎನ್, ಎಸ್-ಎಸ್-ಐ-ಓ-ಎನ್, ಸಿ-ಐ-ಎ-ಎನ್ ಅಂತ ಒದ್ದಾಡುತ್ತಾರೆ. ತಾಯಿ ಪದ ನೋಡಲು ಹೇಳಿ. ಆ್ಯಕ್ಟ್‌ನ ಕೊನೆಗೆ ಟಿ ಇದೆ, ಆದ್ದರಿಂದ ಆ್ಯಕ್ಷನ್‌ಗೆ ಟಿ. ಡಿಸ್ಕಸ್‌ನ ಕೊನೆಗೆ ಎರಡು ಎಸ್, ಆದ್ದರಿಂದ ಡಿಸ್ಕಷನ್‌ಗೂ ಎರಡು ಎಸ್. ಮ್ಯೂಸಿಕ್‌ನ ಕೊನೆಗೆ ಸಿ, ಆದ್ದರಿಂದ ಮ್ಯುಜಿಷಿಯನ್‌ಗೆ ಸಿ. ಪರ್ಮಿಟ್‌ನಿಂದ ಬರುವ ಪರ್ಮಿಷನ್ ಥರದ ಅಪವಾದಗಳು ಇವೆ, ಆದರೂ ಈ ಉಪಾಯ ಬಹಳ ದೂರ ಕರೆದೊಯ್ಯುತ್ತದೆ.

ಪದದ ಊರು ಗೊತ್ತಿದ್ದರೂ ಹೀಗೇ ಸಹಾಯ. ಸಿ-ಎಚ್ ಅಪ್ಪಟ ಇಂಗ್ಲಿಷ್ ಪದದಲ್ಲಿ 'ಚ': ಚೈಲ್ಡ್, ಚಿನ್. ಗ್ರೀಕ್ ಮೂಲದಲ್ಲಿ 'ಕ': ಸ್ಕೂಲ್, ಕೆಮಿಸ್ಟ್ರಿ, ಎಕೋ. ಇತ್ತೀಚಿನ ಶತಮಾನಗಳಲ್ಲಿ ಬಂದ ಫ್ರೆಂಚ್ ಪದದಲ್ಲಿ 'ಶ': ಮಷೀನ್, ಶೆಫ್. ಚೀಫ್ ಮತ್ತು ಶೆಫ್ ಒಂದೇ ಫ್ರೆಂಚ್ ಪದ, ಎರಡು ಬೇರೆ ಕಾಲದಲ್ಲಿ ಎರವಲು ಬಂದದ್ದು. ಫ ಸದ್ದಿಗೆ ಪಿ-ಎಚ್ ಕಂಡರೆ, ಶುರುವಿನಲ್ಲಿ ಸೈಲೆಂಟ್ ಪಿ ಕಂಡರೆ, ನಡುವೆ ವೈ ಕಂಡರೆ ಗ್ರೀಕ್ ಇರಬೇಕು ಅಂತ ಊಹಿಸಬಹುದು.

ಇನ್ನು ಜಾಗದ ನಿಯಮ. ಜಿ-ಎಚ್-ಓ-ಟಿ-ಐ ಅಂತ ಬರೆದು ಅದನ್ನು 'ಫಿಶ್' ಅಂತ ಓದಬಹುದು ಅನ್ನುವ ಹಳೆಯ ತಮಾಷೆ ನೀವು ಕೇಳಿರಬಹುದು. ಟಫ್‌ನ ಜಿ-ಎಚ್, ವಿಮೆನ್‌ನ ಓ, ನೇಷನ್‌ನ ಟಿ-ಐ. ಇದನ್ನು ಬರ್ನಾರ್ಡ್ ಶಾ ಹೇಳಿದ್ದು ಅಂತ ಎಲ್ಲರೂ ಹೇಳುತ್ತಾರೆ. ಅದು 1855ರ ಒಂದು ಪತ್ರದಲ್ಲೇ ಇದೆ, ಶಾ ಹುಟ್ಟಿದ್ದು 1856ರಲ್ಲಿ. ಅದಿರಲಿ, ತಮಾಷೆ ಚೆನ್ನಾಗಿದ್ದರೂ ವಾದ ತಪ್ಪು. ಇಂಗ್ಲಿಷಿನಲ್ಲಿ ಪದದ ಶುರುವಿನಲ್ಲಿ ಬರುವ ಜಿ-ಎಚ್ ಎಂದೂ 'ಫ' ಆಗುವುದಿಲ್ಲ. ಟಿ-ಐ 'ಶ' ಆಗಲು ಅದರ ಮುಂದೆ ಇನ್ನೊಂದು ಸ್ವರ ಬೇಕು. ಅಂದರೆ ಅಕ್ಷರ ಎಲ್ಲಿ ಕೂತಿದೆ ಅನ್ನುವುದೇ ಅದರ ಸದ್ದನ್ನು ಹೇಳುತ್ತದೆ. ಹ್ಯಾವ್, ಗಿವ್, ಲವ್ ಪದಗಳ ಕೊನೆಗೆ ಕೆಲಸವಿಲ್ಲದ ಇ ಯಾಕೆ? ಇಂಗ್ಲಿಷ್ ಪದ ವಿ ಅಕ್ಷರದಲ್ಲಿ ಮುಗಿಯಬಾರದು ಅನ್ನುವ ಹಳೆಯ ಪದ್ಧತಿ. ಯು, ವಿ ಒಂದೇ ಅಕ್ಷರವಾಗಿದ್ದ ಕಾಲದಲ್ಲಿ ಇ ಇಲ್ಲದಿದ್ದರೆ ಅದನ್ನು ಯು ಅಂತ ಓದಿಬಿಡುತ್ತಿದ್ದರು. ಗೆಸ್, ಗೆಸ್ಟ್ ಪದಗಳ ಯು ಕೂಡ ಕಾವಲಿಗೆ ನಿಂತದ್ದು. ಅದಿಲ್ಲದಿದ್ದರೆ ಇ ಹಿಂದಿನ ಜಿ 'ಜ' ಆಗುವ ಅಪಾಯ ಇತ್ತು.

ಎಷ್ಟು ಭಾಗ ನಿಯಮಕ್ಕೆ ಸಿಗುತ್ತದೆ ಅನ್ನುವುದಕ್ಕೆ ಒಂದು ಅಂದಾಜು ಇದೆ. 1966ರಲ್ಲಿ ಅಮೆರಿಕದಲ್ಲಿ ಪಾಲ್ ಹ್ಯಾನಾ ಮತ್ತು ಜೊತೆಗಾರರು ಸುಮಾರು 17,000 ಪದಗಳನ್ನು ಕಂಪ್ಯೂಟರ್‌ಗೆ ಕೊಟ್ಟು, ಬರೀ ಸದ್ದು ಮತ್ತು ಜಾಗದ ನಿಯಮಗಳಿಂದ ಸ್ಪೆಲ್ಲಿಂಗ್ ಊಹಿಸಲು ಬಿಟ್ಟರು. ಹೆಚ್ಚುಕಡಿಮೆ ಅರ್ಧ ಪದಗಳು ಪೂರ್ತಿ ಸರಿ ಬಂದವು. ಉಳಿದವುಗಳಲ್ಲಿ ಬಹುಪಾಲು ಒಂದೇ ಒಂದು ಕಡೆ ತಪ್ಪಿದವು. ಬಳಗ ಮತ್ತು ಊರಿನ ಮಾಹಿತಿ ಆ ಕಂಪ್ಯೂಟರ್‌ಗೆ ಗೊತ್ತಿರಲಿಲ್ಲ, ನಿಮ್ಮ ಮಗಳಿಗೆ ಗೊತ್ತಿರುತ್ತದೆ.

ಹಾಗಾದರೆ ಕಲಿಸುವುದು ಹೇಗೆ? ಪಟ್ಟಿ ಕೊಟ್ಟು ಹತ್ತು ಹತ್ತು ಸಲ ಬರೆಸುವುದಕ್ಕಿಂತ, ಪದಗಳನ್ನು ಬಳಗವಾಗಿ ಕೊಡಿ. ಸೈನ್ ಬಂದಾಗ ಸಿಗ್ನೇಚರ್ ಜೊತೆಗೇ ಬರಲಿ. ಹೆಚ್ಚು ತಪ್ಪಾಗುವುದು ಸೈಲೆಂಟ್ ಅಕ್ಷರದಲ್ಲಿ ಅಲ್ಲ, ಒತ್ತು ಬೀಳದ ಸ್ವರದಲ್ಲಿ. ಗ್ರಾಮರ್ ಪದದ ಕೊನೆಗೆ ಎ-ಆರ್ ಇದೆಯೋ ಇ-ಆರ್ ಇದೆಯೋ ಕಿವಿಗೆ ಗೊತ್ತಾಗುವುದಿಲ್ಲ. ಗ್ರಮ್ಯಾಟಿಕಲ್ ಅಂದರೆ ಎ ಸ್ಪಷ್ಟ. ಡೆಫಿನಿಟ್‌ನಲ್ಲಿ ಎಲ್ಲಿ ಐ ಅಂದರೆ, ಫೈನೈಟ್ ಒಳಗೇ ಕೂತಿದೆ. ಇನ್ನೊಂದು ಉಪಾಯ: ಬರೆಯುವಾಗ ಮಾತ್ರ ಮನಸ್ಸಿನಲ್ಲಿ ಅಕ್ಷರ ಇದ್ದ ಹಾಗೇ ಓದಿಕೊಳ್ಳುವುದು. 'ವೆಡ್-ನೆಸ್-ಡೇ', 'ಸೆ-ಪ-ರೇಟ್'. ಕನ್ನಡದ ಬಾಯಿಗೆ ಸ್ವರಗಳನ್ನು ಪೂರ್ತಿ ಹೇಳುವ ಅಭ್ಯಾಸ ಇರುವುದರಿಂದ ನಮ್ಮ ಮಕ್ಕಳಿಗೆ ಇದು ಇಂಗ್ಲಿಷ್ ಮನೆಮಾತಿನ ಮಕ್ಕಳಿಗಿಂತ ಸುಲಭ. ಮಾತಾಡುವಾಗ ಸರಿಯಾದ ಉಚ್ಚಾರವೇ ಇರಲಿ, ಅಷ್ಟೆ.

"ಸಿ ಬಿಟ್ಟು ಉಳಿದ ಕಡೆ ಇ ಮುಂಚೆ ಐ" ಅನ್ನುವ ಪ್ರಸಿದ್ಧ ಸೂತ್ರವನ್ನು ಇಡಿಯಾಗಿ ಹೇಳಿಕೊಡಬೇಡಿ. ಸೈನ್ಸ್, ವಿಯರ್ಡ್, ದೇರ್, ನೇಬರ್, ಹೈಟ್ ಎಲ್ಲ ಅದನ್ನು ಮುರಿಯುತ್ತವೆ. 2009ರಲ್ಲಿ ಬ್ರಿಟನ್ ಸರ್ಕಾರದ ಮಾರ್ಗದರ್ಶಿಯೇ ಇದನ್ನು ಕಲಿಸುವುದು ಬೇಡ ಅಂತ ಹೇಳಿತ್ತು. ಸದ್ದು 'ಈ' ಆಗಿದ್ದಾಗ ಮಾತ್ರ ಅನ್ನುವ ಷರತ್ತು ಸೇರಿಸಿದರೆ ಅದು ಕೆಲಸಕ್ಕೆ ಬರುತ್ತದೆ: ಬಿಲೀವ್, ಚೀಫ್, ರಿಸೀವ್, ಸೀಲಿಂಗ್. ಆಗಲೂ ಸೀಜ್, ಪ್ರೋಟೀನ್, ಕೆಫೀನ್ ಹೊರಗೆ ಉಳಿಯುತ್ತವೆ.

ಅಕ್ಷರ ಎರಡಾಗುವ ನಿಯಮ ಮಾತ್ರ ಕಲಿಸಲೇಬೇಕಾದದ್ದು. ಹಾಪ್‌ನಿಂದ ಹಾಪಿಂಗ್ ಬಂದಾಗ ಪಿ ಎರಡು, ಹೋಪ್‌ನಿಂದ ಹೋಪಿಂಗ್ ಬಂದಾಗ ಒಂದು. ಎರಡು ವ್ಯಂಜನ ಹಿಂದಿನ ಸ್ವರವನ್ನು ಹ್ರಸ್ವವಾಗಿ ಕಾಪಾಡುತ್ತದೆ. ಪದ ಉದ್ದ ಇದ್ದರೆ ಒತ್ತು ನೋಡಬೇಕು. ಬಿಗಿನ್, ಅಕರ್ ಪದಗಳಲ್ಲಿ ಒತ್ತು ಕೊನೆಗೆ, ಹಾಗಾಗಿ ಬಿಗಿನಿಂಗ್‌ಗೆ ಎನ್ ಎರಡು, ಅಕರ್ಡ್‌ಗೆ ಆರ್ ಎರಡು. ಓಪನ್, ಆಫರ್ ಪದಗಳಲ್ಲಿ ಒತ್ತು ಮೊದಲಿಗೆ, ಅಲ್ಲಿ ಒಂದೇ ಸಾಕು.

ಇಷ್ಟಾದ ಮೇಲೂ ಹಿಡಿತಕ್ಕೆ ಸಿಗದ ಒಂದಿಷ್ಟು ಪದ ಉಳಿಯುತ್ತವೆ: ಸೆಡ್, ವಾಸ್, ಒನ್, ಹೂ, ಐ, ಆಫ್. ಇವು ದಿನಕ್ಕೆ ನೂರು ಸಲ ಎದುರಾಗುವ ಪದಗಳು. ಹಾಗಾಗಿ ತಾವಾಗಿ ಕಣ್ಣಿಗೆ ಹತ್ತುತ್ತವೆ, ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒನ್‌ನಲ್ಲಿ ಇಲ್ಲದ 'ವ' ಎಲ್ಲಿಂದ ಬಂತು ಅಂತ ಮಗಳು ಕೇಳಿದರೆ, ಅದು ಇಂಗ್ಲೆಂಡಿನ ಪಶ್ಚಿಮ ಕಡೆಯ ಆಡುಮಾತಿನ ಉಚ್ಚಾರ ಅಂತ ಹೇಳಿ. ಹಳೆಯ ಉಚ್ಚಾರ ಓನ್ಲಿ, ಅಲೋನ್ ಪದಗಳಲ್ಲಿ ಇನ್ನೂ ಬದುಕಿದೆ, ಎರಡೂ ಒನ್‌ನ ಮಕ್ಕಳೇ.

ಎಲ್ಲವನ್ನೂ ಒಂದೇ ಸಲ ತಿದ್ದಿಬಿಡಬಾರದೇ ಅಂತ ಅನ್ನಿಸಿದರೆ, ಪ್ರಯತ್ನ ಆಗಿದೆ. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 300 ಪದಗಳ ಸರಳ ಸ್ಪೆಲ್ಲಿಂಗ್ ಬಳಸಿ ಅಂತ ಸರ್ಕಾರಿ ಅಚ್ಚುಕೂಟಕ್ಕೆ ಆದೇಶ ಕೊಟ್ಟರು. ಪತ್ರಿಕೆಗಳು ನಕ್ಕವು, ಸಂಸತ್ತು ಒಪ್ಪಲಿಲ್ಲ, ವರ್ಷ ಮುಗಿಯುವುದರೊಳಗೆ ಆದೇಶ ವಾಪಸ್ ಆಯಿತು. ಸದ್ದಿನಂತೆ ಬರೆಯಬೇಕು ಅಂದರೆ ಯಾರ ಸದ್ದು ಅನ್ನುವುದೇ ದೊಡ್ಡ ತೊಡಕು. ಲಂಡನ್ನಿನವರು ಕಾರ್ ಅನ್ನುವಾಗ ಕೊನೆಯ ಆರ್ ಕೇಳುವುದೇ ಇಲ್ಲ, ಬಹುಪಾಲು ಅಮೆರಿಕನ್ನರ ಬಾಯಲ್ಲಿ ಅದು ಗಟ್ಟಿಯಾಗಿ ಕೇಳುತ್ತದೆ.

ಇನ್ನು ಕಲರ್. ಯು ಇರುವುದು ಬ್ರಿಟಿಷ್, ಯು ಇಲ್ಲದ್ದು ಅಮೆರಿಕನ್. ಎರಡೂ ಸರಿ. ಯು ಇಲ್ಲದ ರೂಪ ಅಮೆರಿಕನ್ನರು ಹುಟ್ಟಿಸಿದ್ದಲ್ಲ. ಅದು ಲ್ಯಾಟಿನ್ ರೂಪ, ಇಂಗ್ಲೆಂಡಿನಲ್ಲೂ ಹಿಂದೆ ಎರಡೂ ಓಡಾಡುತ್ತಿದ್ದವು. ಜಾನ್ಸನ್ ಯು ಇರುವುದನ್ನು ಆರಿಸಿಕೊಂಡ. ಅಮೆರಿಕದ ನೋವಾ ವೆಬ್‌ಸ್ಟರ್ 1806 ಮತ್ತು 1828ರ ನಿಘಂಟುಗಳಲ್ಲಿ ಯು ಇಲ್ಲದ್ದನ್ನು ಆರಿಸಿಕೊಂಡ. ಸೆಂಟರ್ ಕೊನೆಗೆ ಇ-ಆರ್ ನಿಲ್ಲಿಸಿದ್ದೂ ಅವನೇ. ಟಂಗ್ ಪದವನ್ನು ಟಿ-ಯು-ಎನ್-ಜಿ ಅಂತ ಬರೆಯಿರಿ ಅಂತಲೂ ಹೇಳಿದ್ದ, ಅದನ್ನು ಯಾರೂ ಕೇಳಲಿಲ್ಲ. ಆರ್ಗನೈಸ್ ಥರದ ಪದಗಳಿಗೆ ಜೆಡ್ ಹಾಕಿದರೆ ಅಮೆರಿಕನ್ ಅನ್ನುವುದು ಪೂರ್ತಿ ನಿಜ ಅಲ್ಲ, ಆಕ್ಸ್‌ಫರ್ಡ್ ನಿಘಂಟು ಕೂಡ ಜೆಡ್ ರೂಪವನ್ನೇ ಮೊದಲು ಕೊಡುತ್ತದೆ.

ಮಗಳ ಪಠ್ಯಪುಸ್ತಕ ಯಾವ ಪದ್ಧತಿಯಲ್ಲಿದೆಯೋ ಅದನ್ನೇ ಹಿಡಿಯಲಿ. ಒಂದೇ ಪ್ರಬಂಧದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು. ಬ್ರಿಟಿಷ್ ಪದ್ಧತಿ ಆದರೆ ಎರಡು ಕಡೆ ಎಚ್ಚರ ಇರಲಿ. ಟ್ರಾವೆಲ್ಡ್ ಪದದಲ್ಲಿ ಒತ್ತು ಮೊದಲಿಗೆ ಇದ್ದರೂ ಎಲ್ ಎರಡು ಬರೆಯಬೇಕು, ಮೇಲೆ ಹೇಳಿದ ನಿಯಮವನ್ನು ಇಲ್ಲಿ ಪಾಲಿಸುವವರು ಅಮೆರಿಕನ್ನರು. ಇನ್ನು ಪ್ರಾಕ್ಟಿಸ್ ನಾಮಪದವಾದಾಗ ಕೊನೆಗೆ ಸಿ-ಇ, ಕ್ರಿಯಾಪದವಾದಾಗ ಎಸ್-ಇ. ಯಾವುದು ಯಾವುದು ಅಂತ ಮರೆತರೆ ಅಡ್ವೈಸ್, ಅಡ್ವೈಜ್ ಎರಡನ್ನೂ ಬಾಯಿಬಿಟ್ಟು ಹೇಳಿ ನೋಡಲಿ. ಅಲ್ಲಿ ಸದ್ದೇ ಬೇರೆ, ನಾಮಪದಕ್ಕೆ ಸಿ ಅನ್ನುವುದು ಕಿವಿಗೇ ಗೊತ್ತಾಗುತ್ತದೆ.